ಎಷ್ಟು ಜನರನ್ನ ಹೊಡೆದ್ರಿ?

ಓದುಗರ ಪ್ರಶ್ನೆ, ಮಾಜಿ ಸುಬೇದಾರನ ಉತ್ತರ

ಮಿಲ್ಟ್ರಿಯಿಂದ ಊರಿಗೆ ಬಂದವನನ್ನ ಜನ ಕೇಳುವುದು ಎರಡೇ ಪ್ರಶ್ನೆ ಅಂತ ಹೋದ ತಿಂಗಳು ಬರೆದಿದ್ದೆ. ಒಂದು, ‘ಎಷ್ಟು ಜನರನ್ನ ಹೊಡೆದ್ರಿ?’ ಇನ್ನೊಂದು, ‘ಕ್ಯಾಂಟೀನಲ್ಲಿ ರಮ್ ಎಷ್ಟಕ್ಕೆ ಸಿಗುತ್ತೆ?’ ಇವನ್ನ ಕೇಳಬೇಡಿ ಅಂತ ತಮಾಷೆಗೆ ಬರೆದ ಮಾತು. ಜೊತೆಗೆ, ಸೈನಿಕನೂ ಕಾನೂನಿಗೆ ಒಳಪಟ್ಟವನೇ ಅಂತ ಒಂದು ಸಾಲು ಸೇರಿಸಿದ್ದೆ. ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇದರ ಸುತ್ತವೇ ಇವೆ. ಪಿಂಚಣಿ, ಕ್ಯಾಂಟೀನ್ ಕಾರ್ಡು, ಮಗನನ್ನ ಅಗ್ನಿವೀರಕ್ಕೆ ಸೇರಿಸೋದು ಹೇಗೆ ಅಂತ ಕೇಳಿದವರು ಮುಂದಿನ ತಿಂಗಳವರೆಗೆ ಕಾಯಬೇಕು. ಹೆಸರು ಹಾಕಬೇಡಿ ಅಂತ ಕೆಲವರು ಬರೆದಿದ್ದಾರೆ, ಹಾಗಾಗಿ ಯಾರದೂ ಹಾಕಿಲ್ಲ.

ಹೊಸದಾಗಿ ಓದುತ್ತಿರುವವರಿಗೆ: ನಾನು ಆರ್ಮಿ ಮೆಡಿಕಲ್ ಕೋರ್‌ನಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವನು. ಬಂದೂಕು ಇತ್ತು, ಕೆಲಸ ಮಾತ್ರ ಬ್ಯಾಂಡೇಜಿನದು. ಈಗ ಹಾಸನದಲ್ಲಿದ್ದೇನೆ.

ಪ್ರಶ್ನೆ: ಸರ್, ನಮಸ್ತೆ. ನಮ್ಮದು ಅರಕಲಗೂಡು ಕಡೆ. ಹಾಸನದಲ್ಲಿ ಹಾಸ್ಟೆಲ್ಲಲ್ಲಿದ್ದುಕೊಂಡು ಡಿಗ್ರಿ ಓದ್ತಿದ್ದೀನಿ. ನಮ್ಮ ತಾತ 1987ರಿಂದ ಎರಡು ವರ್ಷ ಶ್ರೀಲಂಕಾದಲ್ಲಿ ಭಾರತದ ಶಾಂತಿಪಾಲನಾ ಪಡೆಯಲ್ಲಿದ್ದರು. ಅವರ ಮೆಡಲಿಗೆ ಫ್ರೇಮ್ ಹಾಕಿಸಿ ದೇವರ ಮನೆ ಪಕ್ಕ ತೂಗುಹಾಕಿದ್ದೀವಿ. ನನ್ನ ರೂಮ್‌ಮೇಟಿನ ಅಜ್ಜಿ ಶ್ರೀಲಂಕಾದ ಜಾಫ್ನಾ ಕಡೆಯ ತಮಿಳರಂತೆ. ನಮ್ಮ ತಾತನ ವಿಷಯ ಹೇಳಿದಾಗ ಅವಳು ಸುಮ್ನಾಗಿಬಿಟ್ಟಳು. ಆಮೇಲೆ ಹೇಳಿದಳು, ಅವರ ಅಜ್ಜಿ ಆ ಪಡೆಯನ್ನ ಅಮಾಯಕರನ್ನ ಕೊಲ್ಲೋ ಪಡೆ ಅಂತಲೇ ಕರೆಯೋದಂತೆ, ಆಸ್ಪತ್ರೆಯೊಳಗೆ ನುಗ್ಗಿ ಹೊಡೆದರಂತೆ. ಊರಿಗೆ ಹೋದಾಗ ತಾತನ್ನ ಕೇಳಿದೆ. ಅವರು ಎದ್ದು ಹಸುಗೆ ಹುಲ್ಲು ಹಾಕೋಕೆ ಹೋದರು. ಅವತ್ತಿಂದ ನನ್ನ ಹತ್ರ ಸರಿಯಾಗಿ ಮಾತಿಲ್ಲ. ಅವರನ್ನ ನಾನು ಹೇಗೆ ನೋಡಲಿ?

ಉತ್ತರ: ಮಗಳೇ, ನಿನ್ನ ಗೆಳತಿಯ ಅಜ್ಜಿ ಹೇಳಿದ್ದು ಕಟ್ಟುಕಥೆ ಅಲ್ಲ. ಅದನ್ನ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಕಡೆಯವರು ಬಹಳಷ್ಟು ಜನ ಇಲ್ಲೇ ಜಾರಿಕೊಳ್ಳುತ್ತಾರೆ. 1987ರ ಅಕ್ಟೋಬರ್ 21, ದೀಪಾವಳಿ. ಜಾಫ್ನಾವನ್ನ ಹುಲಿಗಳ, ಅಂದರೆ ತಮಿಳರಿಗೆ ಬೇರೆ ನಾಡು ಬೇಕು ಅಂತ ಬಂದೂಕು ಹಿಡಿದಿದ್ದ ಎಲ್‌ಟಿಟಿಇಯವರ ಕೈಯಿಂದ ಬಿಡಿಸಿಕೊಳ್ಳಲು ನಮ್ಮ ಪಡೆ ಬೀದಿ ಬೀದಿಯಲ್ಲಿ ಹೊಡೆದಾಡುತ್ತಿತ್ತು. ಆ ದಿನ ಸೈನಿಕರು ಅಲ್ಲಿನ ದೊಡ್ಡಾಸ್ಪತ್ರೆಯೊಳಗೆ ನುಗ್ಗಿದರು. ಡಾಕ್ಟರು, ನರ್ಸುಗಳು, ಮಂಚದ ಮೇಲೆ ಮಲಗಿದ್ದ ರೋಗಿಗಳು ಸೇರಿ 60ರಿಂದ 70 ಜನ ಸತ್ತರು. ಹುಲಿಗಳು ಒಳಗಿಂದ ಗುಂಡು ಹಾರಿಸಿದರು, ಆಸ್ಪತ್ರೆಯವರು ಮಧ್ಯೆ ಸಿಕ್ಕಿಕೊಂಡರು ಅಂತ ನಮ್ಮ ಸೇನೆಯ ಹಿರಿಯರು ಹೇಳಿದರು. ಬದುಕುಳಿದ ಸಿಬ್ಬಂದಿ ಹೇಳಿದ್ದು ಬೇರೆ. ಮಾರನೇ ಬೆಳಿಗ್ಗೆ ಎರಡೂ ಕೈ ಎತ್ತಿಕೊಂಡು ಬಂದ ಡಾಕ್ಟರನ್ನೂ ಹೊಡೆದರು ಅಂತ. ಅಮಾಯಕರನ್ನ ಕೊಲ್ಲುವ ಪಡೆ ಅಂತ ಜನ ಹೆಸರಿಟ್ಟಿದ್ದೂ ನಿಜ. ನಾನು ಶ್ರೀಲಂಕಾಗೆ ಹೋದದ್ದು 1988ರ ಮಾರ್ಚಿನಲ್ಲಿ, ಅಷ್ಟರಲ್ಲಿ ಆ ಹೆಸರು ನಮ್ಮ ಕಿವಿಗೂ ಬಿದ್ದಿತ್ತು. ನೌಕರಿಯ ಅಷ್ಟೂ ವರ್ಷ ಆಸ್ಪತ್ರೆಯ ಡೆಟಾಲ್ ವಾಸನೆಯಲ್ಲೇ ಕಳೆದವನು ನಾನು, ವಾರ್ಡಿನೊಳಗೆ ಗುಂಡು ಅಂದರೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ.

ಈಗ ಇನ್ನೊಂದು ಕಡೆ. ಅದೇ ವರ್ಷ ಜುಲೈ 29ಕ್ಕೆ ಕೊಲಂಬೊದಲ್ಲಿ ಭಾರತ-ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿತ್ತು, ಅದರ ಬೆನ್ನಲ್ಲೇ ನಮ್ಮವರು ವಿಮಾನ ಹತ್ತಿದರು. ಕೆಲಸ ಶಾಂತಿ ಕಾಯುವುದು ಅಂತ ಹೇಳಿ ಕಳಿಸಿದ್ದು. ಜಾಫ್ನಾ ಜನ ಹೂವಿನ ಹಾರ ಹಾಕಿ ಬರಮಾಡಿಕೊಂಡರು. ಎರಡೂವರೆ ತಿಂಗಳಲ್ಲಿ ಹಾರ ಹಾಕಿದ ಬೀದಿಯಲ್ಲೇ ಯುದ್ಧ. ಅಕ್ಟೋಬರ್ 11ರ ರಾತ್ರಿ ಜಾಫ್ನಾ ವಿಶ್ವವಿದ್ಯಾಲಯದ ಮೈದಾನಕ್ಕೆ ಹೆಲಿಕಾಪ್ಟರಿನಿಂದ ಇಳಿದ ಸಿಖ್ ಲೈಟ್ ಇನ್‌ಫೆಂಟ್ರಿಯ 30 ಜನರಲ್ಲಿ 29 ಜನ ವಾಪಸ್ ಬರಲಿಲ್ಲ, ಒಬ್ಬ ಸೆರೆ ಸಿಕ್ಕ. ಎದುರಿಗೆ ಬರುವವನು ಲುಂಗಿ ಉಟ್ಟು ಸೈಕಲ್ ತುಳಿಯುವ ಮೀನುಗಾರನೋ, ಲುಂಗಿ ಉಟ್ಟ ಹುಲಿಯೋ ಅಂತ ಗೊತ್ತಾಗುತ್ತಿರಲಿಲ್ಲ. ಕಾಲಿಟ್ಟ ಕಡೆ ಮೈನು. ಇದನ್ನ ನೆಪ ಅಂತ ಹೇಳುತ್ತಿಲ್ಲ. ಹತ್ತು ದಿನದ ಹಿಂದೆ ಪಕ್ಕದವನನ್ನ ಕಳಕೊಂಡ, ಸರಿಯಾಗಿ ನಿದ್ದೆ ಇಲ್ಲದ 22 ವರ್ಷದ ಹುಡುಗನ ಕೈಯಲ್ಲಿ ಬಂದೂಕು ಇದ್ದರೆ ಏನಾಗಬಹುದು ಅಂತ ಕಳಿಸಿದವರಿಗೆ ಗೊತ್ತಿರಬೇಕಿತ್ತು ಅಂತ ಹೇಳುತ್ತಿದ್ದೇನೆ. ಜನ ಬೈಯುವಾಗ ಆ ಹುಡುಗನನ್ನ ಬೈಯುತ್ತಾರೆ. ಕಳಿಸಿದವರ ಹೆಸರಲ್ಲಿ ರಸ್ತೆಗಳಿವೆ.

ವಾಪಸ್ ಬಂದಾಗಿನ ಕಥೆಯನ್ನೂ ಕೇಳು. ಕಳಿಸಿದ್ದು ರಾಜೀವ್ ಗಾಂಧಿ, ಕರೆಸಿಕೊಂಡಿದ್ದು ವಿ.ಪಿ. ಸಿಂಗ್. 1990ರ ಮಾರ್ಚ್ 24ಕ್ಕೆ ಕೊನೆಯ ತುಕಡಿ ಹಡಗು ಹತ್ತಿತು. ಮದ್ರಾಸಿನಲ್ಲಿ ಸ್ವಾಗತ ಇಟ್ಟಿದ್ದರು, ಮುಖ್ಯಮಂತ್ರಿ ಕರುಣಾನಿಧಿ ಬರಲಿಲ್ಲ. ತಮಿಳರನ್ನ ಕೊಂದು ಬಂದ ಪಡೆಯನ್ನ ಸ್ವಾಗತಿಸುವುದಿಲ್ಲ ಅನ್ನುವುದು ಅವರ ನಿಲುವು. ಸುಮಾರು 1,200 ಜನ ಅಲ್ಲೇ ಸತ್ತಿದ್ದರು. ಅವರಿಗೆ ಕೊಲಂಬೊ ಪಕ್ಕ ಶ್ರೀಲಂಕಾದವರೇ ಸ್ಮಾರಕ ಕಟ್ಟಿದರು. ದೆಹಲಿಯಲ್ಲಿ ರಾಷ್ಟ್ರೀಯ ಯುದ್ಧ ಸ್ಮಾರಕ ಆಗಿ ಅದರಲ್ಲಿ ಅವರ ಹೆಸರು ಕೆತ್ತಿದ್ದು 2019ಕ್ಕೆ.

ನಾನು ಅರಸೀಕೆರೆ ಸ್ಟೇಷನ್ನಿನಲ್ಲಿ ಕಪ್ಪು ಟ್ರಂಕು ಹೊತ್ತುಕೊಂಡು ಇಳಿದೆ. ಯಾರೂ ತಿರುಗಿ ನೋಡಲಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರು ಎಲ್ಲಿಂದ ಬಂದ್ರಿ ಅಂದರು. ಶ್ರೀಲಂಕಾ ಅಂದೆ. ‘ಓ, ಅಲ್ಲಿ ಏನೋ ಗಲಾಟೆ ಆಗಿತ್ತಂತಲ್ಲ’ ಅಂದು ಕೊಬ್ಬರಿ ರೇಟಿನ ವಿಷಯಕ್ಕೆ ಹೋದರು. ಒಂಬತ್ತು ವರ್ಷ ಬಿಟ್ಟು, 1999ರ ಆಗಸ್ಟಿನಲ್ಲಿ ಅದೇ ಸ್ಟೇಷನ್ನು, ಅದೇ ಟ್ರಂಕು. ಕಾರ್ಗಿಲ್ ಆಗಿ ತಿಂಗಳಾಗಿರಲಿಲ್ಲ. ಎಳನೀರಿನವನು ಕೊಚ್ಚಿ ಕೊಟ್ಟು ದುಡ್ಡು ಬೇಡ ಅಂದ. ಬಸ್ಸಿನಲ್ಲಿ ಎದ್ದು ಜಾಗ ಕೊಟ್ಟರು. ಊರಿನ ಸ್ಕೂಲಲ್ಲಿ ಶಾಲು ಹೊದಿಸಿದರು. ನಾನು ಆ ಯುದ್ಧದ ಪೂರ್ತಿ ಸಮಯ ಪುಣೆಯ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಡುತ್ತಿದ್ದೆ, ಕಾರ್ಗಿಲ್ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ! ಹೇಳೋಣ ಅಂದರೆ ಕೇಳುವವರಿಲ್ಲ. ಹೋಗದ ಯುದ್ಧಕ್ಕೆ ಶಾಲು, ಹೋದ ಯುದ್ಧಕ್ಕೆ ಕೊಬ್ಬರಿ ರೇಟು. ಎರಡು ಸಲವೂ ನೋಡಿದ್ದು ನನ್ನನ್ನಲ್ಲ. ಗೆದ್ದ ಯುದ್ಧವಾ, ಕೈಸುಟ್ಟುಕೊಂಡ ಯುದ್ಧವಾ ಅಂತ ನೋಡಿದರು, ಅಷ್ಟೇ.

ನಿನ್ನ ತಾತನ ವಿಷಯದಲ್ಲಿ ನೀನೂ ಅದನ್ನ ಮಾಡಬೇಡ. ಪಡೆ ಕೊಂದಿತು ಅನ್ನುವುದು ಪೇಪರಿನ ಭಾಷೆ. ಟ್ರಿಗರ್ ಎಳೆಯುವುದು ಒಬ್ಬೊಬ್ಬನೇ, ಎಳೆಯದೆ ಬಿಡುವುದೂ ಒಬ್ಬೊಬ್ಬನೇ. ಆ ದೀಪಾವಳಿ ದಿನ ನಿಮ್ಮ ತಾತ ವವುನಿಯಾದಲ್ಲಿ ಯಾವುದೋ ಸೇತುವೆ ಕಾಯುತ್ತಿದ್ದಿರಬಹುದು, ಲಾರಿ ಓಡಿಸುತ್ತಿದ್ದಿರಬಹುದು, ಆ ಆಸ್ಪತ್ರೆಯ ಗೇಟಿನಲ್ಲೇ ಇದ್ದಿರಲೂಬಹುದು. ಫ್ರೇಮು ಹಾಕಿಸುವಾಗ ನೀವು ಯಾರೂ ಕೇಳಲಿಲ್ಲ. ಈಗ ಒಂದೇ ಸಲಕ್ಕೆ ‘ಆಸ್ಪತ್ರೆಯಲ್ಲಿ ಹೊಡೆದದ್ದು ನಿಜವಾ?’ ಅಂದರೆ ಹುಲ್ಲು ಹಾಕೋಕೆ ಹೋಗದೆ ಇನ್ನೇನು ಮಾಡಿಯಾರು?

ಮುಂದಿನ ಸಲ ಊರಿಗೆ ಹೋದಾಗ ನೀನೂ ಕೊಟ್ಟಿಗೆಗೆ ಹೋಗು. ಅವರ ಜೊತೆ ಹುಲ್ಲು ಹಾಕು. ಎಲ್ಲಿ ಪೋಸ್ಟಿಂಗ್ ಇತ್ತು ತಾತ, ಊಟಕ್ಕೆ ಏನು ಕೊಡ್ತಿದ್ರು, ಪಕ್ಕದಲ್ಲಿ ಮಲಗ್ತಿದ್ದವರು ಯಾವೂರಿನವರು ಅಂತ ಕೇಳು. ಅಲ್ಲಿಂದ ಶುರುವಾದರೆ ಎಲ್ಲಿಗೋ ಹೋಗುತ್ತದೆ, ಹೋಗದೆಯೂ ಇರಬಹುದು. ಅವರು ಹೇಳಿದ್ದು ಕೆಟ್ಟದ್ದೇ ಆಗಿದ್ದರೆ ‘ಪರವಾಗಿಲ್ಲ ಬಿಡಿ ತಾತ, ಯುದ್ಧ ಅಲ್ವಾ’ ಅಂತ ತಟ್ಟಿ ಮಲಗಿಸಬೇಡ. 38 ವರ್ಷ ಹೊತ್ತುಕೊಂಡವರಿಗೆ ಅದು ಪರವಾಗಿಲ್ಲದ ವಿಷಯ ಅಲ್ಲ ಅಂತ ಗೊತ್ತಿರುತ್ತದೆ. ತಪ್ಪು ತಪ್ಪೇ ಅಂತ ಇಟ್ಟುಕೊಂಡೇ ಅವರ ಪಕ್ಕ ಕೂತಿರಬಹುದು. ಆಮೇಲೆ, ಆ ಗೆಳತಿಯನ್ನ ಬಿಡಬೇಡ. ರಜಕ್ಕೆ ಒಂದು ಸಲ ಊರಿಗೆ ಕರಕೊಂಡು ಹೋಗು. ನಿಮ್ಮ ತಾತನಿಗೆ ನಾಲ್ಕು ತಮಿಳು ಮಾತು ಇನ್ನೂ ನೆನಪಿರುತ್ತದೆ, ನೋಡು ಬೇಕಾದರೆ.

ಪ್ರಶ್ನೆ: ಚನ್ನರಾಯಪಟ್ಟಣದ ಹತ್ತಿರದ ಹಳ್ಳಿ. ನಮ್ಮ ಭಾವ ಆರ್ಮಿಯಲ್ಲಿ 17 ವರ್ಷ ಅಡುಗೆ ಕೆಲಸ ಮಾಡಿ ಬಂದರು. ಊರಲ್ಲಿ ‘ಸೌಟು ಹಿಡಿದ ಸಿಪಾಯಿ’ ಅಂತ ರೇಗಿಸ್ತಾರೆ. ಸ್ವಾತಂತ್ರ್ಯ ದಿನಕ್ಕೆ ಸನ್ಮಾನ ಇನ್ನೊಬ್ಬರಿಗೆ ಮಾಡಿದರು, ಇವರನ್ನ ಕರೆಯಲೂ ಇಲ್ಲ.

ಉತ್ತರ: ರೇಗಿಸುವವರನ್ನ 15 ಸಾವಿರ ಅಡಿ ಎತ್ತರದಲ್ಲಿ ಬೇಳೆ ಬೇಯಿಸಲು ನಿಲ್ಲಿಸಬೇಕು. ಬೇಯುವುದಿಲ್ಲ, ಕುಕ್ಕರ್ ಕೂಗಿ ಕೂಗಿ ಸೀಮೆಎಣ್ಣೆ ಖಾಲಿ ಆಗುತ್ತದೆ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ನಿನ ಸೋನಂ ಪೋಸ್ಟ್ ಮೇಲೆ ಹಿಮ ಕುಸಿದು ಹತ್ತು ಜನ ಹೋದರು. ಅದರಲ್ಲಿ ನಮ್ಮ ಹಾಸನದ ತೇಜೂರಿನ ಸುಬೇದಾರ್ ಒಬ್ಬರು, ನನ್ನ ಹಾಗೆ ನರ್ಸಿಂಗ್ ಅಸಿಸ್ಟೆಂಟ್ ಒಬ್ಬ. ಹಿಮ ಬೀಳುವಾಗ ಯಾರ ಕೈಯಲ್ಲಿ ಏನಿದೆ ಅಂತ ನೋಡಲಿಲ್ಲ. ಊರವರು ಸನ್ಮಾನ ಮಾಡಿದ್ದು ಯಾರಿಗೋ ಗೊತ್ತಿಲ್ಲ, ಆದರೆ ಸನ್ಮಾನ ಮಾಡಿಸಿಕೊಂಡವರು ಇಷ್ಟು ವರ್ಷ ಉಂಡದ್ದು ನಿಮ್ಮ ಭಾವನಂಥವರ ಕೈ ಊಟವನ್ನೇ. ಅವರನ್ನೇ ಕೇಳಿ, ಹೇಳುತ್ತಾರೆ.

ಪ್ರಶ್ನೆ: ಸಾಹೇಬ್ರೇ, ಮೂಡಿಗೆರೆಯಿಂದ ಬರೀತಿದ್ದೀನಿ. ಸೈನಿಕನೂ ಕಾನೂನಿಗೆ ಒಳಪಟ್ಟವನೇ ಅಂತ ಹೋದ ತಿಂಗಳು ಬರೆದ್ರಲ್ಲ, ಓದಿ ಬೇಜಾರಾಯ್ತು. ಗುಂಡಿಗೆ ಎದೆ ಕೊಟ್ಟು ನಿಂತವನನ್ನ, ತೋಟದ ಮನೇಲಿ ಕಾಫಿ ಕುಡೀತಾ ಕೂತಿರೋ ನಾವು ಪ್ರಶ್ನೆ ಮಾಡೋದಾ? ಯುದ್ಧದಲ್ಲಿ ಎಲ್ಲ ನಡೆಯುತ್ತೆ ಸ್ವಾಮಿ. ನೀವೇ ಮಿಲ್ಟ್ರಿಯವರಾಗಿ ಹೀಗೆ ಬರೆದರೆ ಹೇಗೆ?

ಉತ್ತರ: ಮಿಲ್ಟ್ರಿಯವನಾದ್ದಕ್ಕೇ ಬರೆದೆ ಗೌಡ್ರೇ. ಯುದ್ಧದಲ್ಲಿ ಎಲ್ಲ ನಡೆಯುತ್ತದೆ ಅನ್ನುವ ಮಾತನ್ನ ನಾನು ಬಹಳ ಕೇಳಿದ್ದೇನೆ, ಮುಂಚೂಣಿಯಲ್ಲಿದ್ದವರ ಬಾಯಿಂದ ಮಾತ್ರ ಕಡಿಮೆ. ಅಲ್ಲಿದ್ದವರಿಗೆ ಎಲ್ಲ ನಡೆಯುವುದಿಲ್ಲ ಅಂತ ಗೊತ್ತು. ಯಾಕೆಂದರೆ ನಡೆಯಬಾರದ್ದನ್ನ ಮಾಡಿದವನು ಯಾರು, ಮಾಡಲ್ಲ ಅಂದವನು ಯಾರು ಅಂತ ಪ್ರತಿ ಪ್ಲಟೂನಿನಲ್ಲೂ ಎಲ್ಲರಿಗೂ ಗೊತ್ತಿರುತ್ತದೆ. ನೀವು ಎಲ್ಲ ಸರಿ ಅಂದಾಗ ಮೊದಲು ಅವಮಾನ ಆಗುವುದು ಆ ಎರಡನೆಯವನಿಗೆ.

ಒಂದು ಹಳೆಯ ಕಥೆ ಹೇಳುತ್ತೇನೆ. ಅಮೆರಿಕದವರದ್ದು, 1968ರ ಮಾರ್ಚ್ 16ರದು. ವಿಯೆಟ್ನಾಮಿನ ಮೈ ಲಾಯ್ ಅನ್ನುವ ಹಳ್ಳಿ. ಒಂದು ಕಂಪನಿ ಸೈನಿಕರು ಬೆಳಿಗ್ಗೆ ಹಳ್ಳಿಗೆ ಹೊಕ್ಕರು. ಶತ್ರು ಸಿಗಲಿಲ್ಲ. ಸಿಕ್ಕಿದ್ದು ಮುದುಕರು, ಹೆಂಗಸರು, ಮಕ್ಕಳು. ಅವರನ್ನ ಕಾಲುವೆಗೆ ಇಳಿಸಿ ಹೊಡೆದರು. ಅಮೆರಿಕದ ಲೆಕ್ಕದಲ್ಲಿ 347, ವಿಯೆಟ್ನಾಮಿನ ಲೆಕ್ಕದಲ್ಲಿ 504. ಮೇಲೆ ಹೆಲಿಕಾಪ್ಟರ್ ಓಡಿಸುತ್ತಿದ್ದವನು ಹ್ಯೂ ಥಾಂಪ್ಸನ್, ಇನ್ನೂ 24 ವರ್ಷದ ಹುಡುಗ. ಕೆಳಗೆ ಆಗುತ್ತಿರುವುದನ್ನ ನೋಡಿ ತನ್ನದೇ ಸೈನಿಕರಿಗೂ ಓಡುತ್ತಿದ್ದ ಹಳ್ಳಿಯವರಿಗೂ ಮಧ್ಯೆ ಹೆಲಿಕಾಪ್ಟರ್ ಇಳಿಸಿದ. ನಮ್ಮವರು ಈ ಜನರ ಮೇಲೆ ಗುಂಡು ಹಾರಿಸಿದರೆ ನೀವು ನಮ್ಮವರ ಮೇಲೆ ಹಾರಿಸಿ ಅಂತ ತನ್ನ ಜೊತೆಯಲ್ಲಿದ್ದ ಇಬ್ಬರಿಗೆ ಹೇಳಿದ. ಬದುಕಿದ್ದವರನ್ನ ಅಲ್ಲಿಂದ ಸಾಗಿಸಿದ.

ಈಗ ಊರಿನ ಜನ ಇಬ್ಬರನ್ನ ಹೇಗೆ ನೋಡಿದರು ಅಂತ ಕೇಳಿ. ಆ ದಿನ ಕೊಲ್ಲಲು ಹೇಳಿದ, ತಾನೂ ಕೊಂದ ಲೆಫ್ಟಿನೆಂಟ್ ವಿಲಿಯಂ ಕ್ಯಾಲಿಗೆ 1971ರಲ್ಲಿ ಕೋರ್ಟ್ ಮಾರ್ಷಲ್ ಜೀವಾವಧಿ ಶಿಕ್ಷೆ ಕೊಟ್ಟಿತು. ದೇಶಕ್ಕೆ ದೇಶವೇ ಅವನ ಪರ ನಿಂತಿತು. ಅಧ್ಯಕ್ಷರ ಮನೆಗೆ ಟೆಲಿಗ್ರಾಮಿನ ರಾಶಿ ಬಿತ್ತು. ಕೊನೆಗೆ ಅವನು ಕಳೆದದ್ದು ಮೂರೂವರೆ ವರ್ಷದ ಗೃಹಬಂಧನ. ಥಾಂಪ್ಸನ್‌ಗೆ? ದ್ರೋಹಿ ಅಂದರು. ಕೊಲ್ಲುತ್ತೇವೆ ಅಂತ ಫೋನ್ ಮಾಡಿದರು. ಸತ್ತ ಪ್ರಾಣಿಗಳನ್ನ ಮನೆಯ ಜಗುಲಿಗೆ ತಂದು ಎಸೆದರು. ಇದರಲ್ಲಿ ಶಿಕ್ಷೆ ಆಗಬೇಕಾದ್ದು ಅವನೊಬ್ಬನಿಗೇ ಅಂತ ಅವರ ಸಂಸತ್ತಿನ ಹಿರಿಯ ಸದಸ್ಯನೊಬ್ಬ ಹೇಳಿದ. ಹಳ್ಳಿಯವರನ್ನ ಉಳಿಸಿದ್ದಕ್ಕೆ ಸರಿಯಾದ ಮೆಡಲ್ ಕೊಟ್ಟದ್ದು 1998ರಲ್ಲಿ, 30 ವರ್ಷ ಆದ ಮೇಲೆ. ಸೈನಿಕನನ್ನ ಪ್ರಶ್ನೆ ಮಾಡಬೇಡಿ ಅನ್ನುವವರು ಕೊನೆಗೆ ಪ್ರಶ್ನೆ ಮಾಡಿದ್ದು ಸೈನಿಕನನ್ನೇ, ಅದೂ ಸರಿಯಾಗಿ ನಡಕೊಂಡವನನ್ನ.

ಅದು ಅಮೆರಿಕದ್ದು, ಹಳೆಯದು ಅನ್ನಬಹುದು ನೀವು. ಆಸ್ಟ್ರೇಲಿಯಾದ್ದು ನಿನ್ನೆ ಮೊನ್ನೆಯದು. ಅಲ್ಲಿನ ಸೇನೆಯೇ ನಾಲ್ಕು ವರ್ಷ ವಿಚಾರಣೆ ಮಾಡಿಸಿ, 2020ರಲ್ಲಿ ವರದಿ ಹೊರಗೆ ಬಿಟ್ಟಿತು. ತಮ್ಮ ಸ್ಪೆಷಲ್ ಫೋರ್ಸಸ್‌ನವರು ಅಫ್ಘಾನಿಸ್ತಾನದಲ್ಲಿ 39 ಜನರನ್ನ ಅಕ್ರಮವಾಗಿ ಕೊಂದ ನಂಬಲರ್ಹ ಮಾಹಿತಿ ಇದೆ ಅಂತ. ತನಿಖೆ ತಂಡದ ಮುಂದೆ ಬಾಯಿ ಬಿಟ್ಟವರಲ್ಲಿ ಜೊತೆಯಲ್ಲಿದ್ದ ಸೈನಿಕರೇ ಇದ್ದರು.

ನಮ್ಮಲ್ಲೂ ನಿಯಮ ಇದೆ ಗೌಡ್ರೇ, ನಾನು ಹೊಸದಾಗಿ ತಂದದ್ದಲ್ಲ. 1950ರ ಆರ್ಮಿ ಆಕ್ಟ್ ಇದೆ. ಗಾಯಾಳುವನ್ನ, ಸೆರೆ ಸಿಕ್ಕವನನ್ನ, ಬಂದೂಕು ಇಲ್ಲದವನನ್ನ ಮುಟ್ಟಬಾರದು ಅನ್ನುವ 1949ರ ಜಿನೀವಾ ಒಪ್ಪಂದಕ್ಕೆ ನಾವು 1960ರಲ್ಲಿ ಸಂಸತ್ತಿನಲ್ಲೇ ಕಾಯ್ದೆ ಮಾಡಿದ್ದೇವೆ. ಉಗ್ರರ ವಿರುದ್ಧ ಕಾರ್ಯಾಚರಣೆಗೆ ಹೋಗುವ ನಮ್ಮ ಸೈನಿಕರಿಗೆ ಸೇನಾ ಮುಖ್ಯಸ್ಥರ ಹತ್ತು ಕಟ್ಟಳೆ ಅಂತ ಕೊಡುತ್ತಾರೆ. ಎದುರಿಗಿರುವವರು ನಿನ್ನದೇ ದೇಶದ ಜನ, ಚಿತ್ರಹಿಂಸೆ ಇಲ್ಲ, ಹೆಂಗಸರ ಮೈ ಮುಟ್ಟುವಂತಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿದೆ. 1971ರಲ್ಲಿ ಪೂರ್ವ ಪಾಕಿಸ್ತಾನದಲ್ಲಿ ಶರಣಾದ ಪಾಕಿಸ್ತಾನದ ಸುಮಾರು 93,000 ಜನರನ್ನ ಇಟ್ಟುಕೊಂಡು, ಊಟ ಹಾಕಿ, ವಾಪಸ್ ಕಳಿಸಿದ್ದನ್ನ ನಾವು ಎದೆ ಉಬ್ಬಿಸಿ ಹೇಳಿಕೊಳ್ಳುತ್ತೇವಲ್ಲ, ಆ ಹೆಮ್ಮೆ ಬಂದಿದ್ದೇ ಈ ನಿಯಮದಿಂದ. ಹೆಮ್ಮೆ ಬೇಕು, ನಿಯಮ ಬೇಡ ಅಂದರೆ ಹೇಗೆ?

ಒಂದು ಕಡೆ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ. ತೋಟದ ಮನೆಯಲ್ಲಿ ಕೂತು ತೀರ್ಪು ಕೊಡುವುದು ಸಲ್ಲದು. ಅರ್ಧ ಸೆಕೆಂಡಿನಲ್ಲಿ ಬಾಗಿಲು ತೆಗೆದು ಗುಂಡು ಹಾರಿಸಿದವನಿಗೂ, ಕೈ ಕಟ್ಟಿ ಕೂರಿಸಿದವನನ್ನ ಹೊಡೆದವನಿಗೂ ವ್ಯತ್ಯಾಸ ಇದೆ. ಆ ವ್ಯತ್ಯಾಸ ನೋಡುವುದಕ್ಕೆ ಸಾಕ್ಷಿ ಬೇಕು, ಆ ಕೆಲಸ ಗೊತ್ತಿದ್ದವರು ಬೇಕು, ಎರಡೂ ಕಡೆ ಕೇಳುವ ತಾಳ್ಮೆ ಬೇಕು. ನೀವು ತೋಟದ ಮನೆಯಿಂದ ಶಿಕ್ಷೆ ಕೊಡಬೇಡಿ ಅನ್ನುತ್ತೀರಿ, ಸರಿ. ತೋಟದ ಮನೆಯಿಂದ ಬಿಡುಗಡೆಯನ್ನೂ ಕೊಡಬೇಡಿ ಅಂತ ನಾನು.

ಪ್ರಶ್ನೆ: ನಿಮ್ಮ ಕ್ಯಾಂಟೀನ್ ಕಾರ್ಡಲ್ಲಿ ತಿಂಗಳಿಗೆ ಎರಡು ಬಾಟ್ಲಿ ಕೊಡಿಸ್ತೀರಾ ಅಣ್ಣ? ದುಡ್ಡು ಕೊಡ್ತೀನಿ. (ಹೊಳೆನರಸೀಪುರ)

ಉತ್ತರ: ಇಲ್ಲ.

ಪ್ರಶ್ನೆ: ನಾನು ಹಳೇಬೀಡಿನಲ್ಲಿ ಗೈಡ್ ಕೆಲಸ ಮಾಡ್ತೀನಿ. ಹೊಯ್ಸಳರ ಕಾಲದಲ್ಲಿ ಯುದ್ಧದಲ್ಲಿ ಹೋರಾಡಿದವರಿಗೆ ವೀರಗಲ್ಲು ನೆಟ್ಟು ಪೂಜೆ ಮಾಡ್ತಿದ್ರು. ಆ ಕಾಲದ ಜನಕ್ಕೆ ಇದ್ದ ಗೌರವ ಈಗ ಇದೆಯಾ?

ಉತ್ತರ: ನಿಮ್ಮ ಕೆಲಸ ನೀವು ನನಗಿಂತ ಚೆನ್ನಾಗಿ ಬಲ್ಲಿರಿ, ಆದರೂ ಒಂದು ಮಾತು. ಆ ಕಲ್ಲಿನ ಮೂರು ಅಂತಸ್ತು ಇನ್ನೊಂದು ಸಲ ನೋಡಿ. ಕೆಳಗೆ ಹೊಡೆದಾಟ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಶಿವಲಿಂಗದ ಮುಂದೆ ಕೂತಿರುವುದು, ತುದಿಯಲ್ಲಿ ಸೂರ್ಯ ಚಂದ್ರ. ಸತ್ತರೆ ಸುರಾಂಗನೆ ಸಿಗುತ್ತಾಳೆ ಅಂತ ಸಂಸ್ಕೃತದಲ್ಲಿ ಶ್ಲೋಕ ಬೇರೆ. ಎಲ್ಲ ಸತ್ತವನಿಗೆ. ಬದುಕಿ ವಾಪಸ್ ಬಂದವನಿಗೆ ಯಾವ ಕಲ್ಲಿದೆ? ತುರು, ಅಂದರೆ ದನ ಬಿಡಿಸಲು ಹೋಗಿ ಒಂದು ಕೈ ಕಳಕೊಂಡು ಬಂದು, ಆಮೇಲೆ 30 ವರ್ಷ ಜಗುಲಿಯ ಮೇಲೆ ಕೂತಿದ್ದವನೂ ಇದ್ದಿರಬೇಕಲ್ವಾ? ಅವನ ಬಗ್ಗೆ ಶಿಲ್ಪಿಗೆ ಯಾರೂ ದುಡ್ಡು ಕೊಡಲಿಲ್ಲ. ಇನ್ನೊಂದು, ಕಲ್ಲು ನೆಟ್ಟವರು ಅದೇ ಊರಿನವರು. ಆಚೆ ಊರಿನಲ್ಲಿ ಅದೇ ಹೊಡೆದಾಟಕ್ಕೆ ಬೇರೆ ಕಥೆ ಇದ್ದಿರುತ್ತದೆ. ಹಾಗಾಗಿ ಆ ಕಾಲಕ್ಕೂ ಈ ಕಾಲಕ್ಕೂ ಅಂಥ ವ್ಯತ್ಯಾಸ ನನಗೆ ಕಾಣುತ್ತಿಲ್ಲ.

ಪ್ರಶ್ನೆ: ಅಣ್ಣಾ, ನಾನು ಆಲೂರು ತಾಲ್ಲೂಕಿನವಳು. ನಮ್ಮ ಯಜಮಾನರು ಕಾಶ್ಮೀರದಲ್ಲಿ ರಾಷ್ಟ್ರೀಯ ರೈಫಲ್ಸ್‌ನಲ್ಲಿದ್ದು, ಬಂದು ಎಂಟು ವರ್ಷ ಆಯ್ತು. ನಮ್ಮ ಕಡೆ ತೋಟಕ್ಕೆ ಆನೆ ಬಂದರೆ ರಾತ್ರಿ ಪಟಾಕಿ ಹೊಡೆದು ಓಡಿಸ್ತಾರೆ. ಮೊದಲ ಪಟಾಕಿಗೇ ಇವರು ಮಂಚದ ಕೆಳಗೆ ಇರ್ತಾರೆ. ಮಗನ್ನೂ ಎಳಕೊಂಡು ಹೋಗಿ ಬಾಯಿ ಮುಚ್ಚಿ ಹಿಡ್ಕೋತಾರೆ. ಊರಲ್ಲಿ ‘ಮಿಲ್ಟ್ರಿ ಮೆಂಟಲ್’ ಅಂತ ಹೆಸರು. ಒಂದು ರಾತ್ರಿ ಕುಡಿದಾಗ ‘ಬಾಗಿಲ ಹಿಂದೆ ಒಬ್ಬ ಹುಡುಗ ಇದ್ದ ಕಣೇ’ ಅಂದರು. ಮುಂದಕ್ಕೆ ಹೇಳಲಿಲ್ಲ. ಏನೋ ತಪ್ಪು ಮಾಡಿ ಬಂದಿದ್ದಾರಾ ಅಂತ ನನಗೆ ಭಯ. ಕೇಳೋಕೂ ಭಯ.

ಉತ್ತರ: ತಂಗೀ, ನಿನ್ನ ಪತ್ರವನ್ನ ನಾಲ್ಕು ಸಲ ಓದಿದೆ. ಮೊದಲು ಮಂಚದ ಕೆಳಗಿನ ವಿಷಯ. ಅದು ಹುಚ್ಚಲ್ಲ. ಆ ಸದ್ದಿಗೆ ಹಾಗೆ ಮಾಡಿದ್ದಕ್ಕೇ ಅವರು ಬದುಕಿ ಬಂದದ್ದು. ಮೈ ಅದನ್ನ ಕಲಿತುಬಿಟ್ಟಿದೆ, ಆಲೂರಿನಲ್ಲಿದ್ದೇನೆ ಅಂತ ಮೈಗೆ ಇನ್ನೂ ಯಾರೂ ಹೇಳಿಲ್ಲ. ಇದಕ್ಕೆ ಪಿಟಿಎಸ್‌ಡಿ ಅಂತ ಹೆಸರು. 1980ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕಾಯಿಲೆಗಳ ಪಟ್ಟಿಗೆ ಸೇರಿಸಿದರು, ವಿಯೆಟ್ನಾಮಿನಿಂದ ಬಂದವರು ವರ್ಷಗಟ್ಟಲೆ ಬಡಿದಾಡಿದ ಮೇಲೆ. ಔಷಧಿ ಇದೆ, ಮಾತಿನ ಚಿಕಿತ್ಸೆ ಇದೆ, ಕಡಿಮೆ ಆಗುತ್ತದೆ. ನಾನು ನೋಡಿದ್ದೇನೆ. 14416ಕ್ಕೆ ಫೋನ್ ಮಾಡಿಸು, ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಯಜಮಾನರು ಮಾಡದಿದ್ದರೆ ನೀನೇ ಮಾಡು. ಇಸಿಎಚ್‌ಎಸ್ ಅನ್ನುವ ಮಾಜಿ ಸೈನಿಕರ ಆರೋಗ್ಯ ಯೋಜನೆಯ ಕಾರ್ಡು ಇದ್ದರೆ ಅದರಿಂದ ಬರೆಸಿಕೊಂಡು ಮನೋವೈದ್ಯರ ಹತ್ತಿರ ಹೋಗಬಹುದು. ಬೆಂಗಳೂರಿನ ನಿಮ್ಹಾನ್ಸ್ ಅಂದ ತಕ್ಷಣ ಜನ ಏನಂತಾರೆ ಅಂತ ಯೋಚಿಸಬೇಡ, ಹೇಗಿದ್ದರೂ ಅವರು ಹೆಸರಿಟ್ಟಾಗಿದೆ. ಮತ್ತೆ ಆನೆ ಓಡಿಸುವ ಹುಡುಗರಿಗೆ ಒಂದು ಮಾತು ಹೇಳಿಡು, ಪಟಾಕಿ ಹೊಡೆಯುವ ಮುಂಚೆ ನಿಮ್ಮ ಮನೆಗೆ ಒಂದು ಮಿಸ್ಡ್ ಕಾಲ್ ಕೊಡಲಿ. ಮುಂಚೆ ಗೊತ್ತಿದ್ದರೆ ಅರ್ಧ ಕಷ್ಟ ಕಡಿಮೆ.

ಬಾಗಿಲ ಹಿಂದಿನ ಹುಡುಗನ ವಿಷಯ ಬೇರೆ. ಅದು ಭಯದ ಕಾಯಿಲೆ ಅಲ್ಲ. ಡಾಕ್ಟರುಗಳು ಅದಕ್ಕೆ ಮಾರಲ್ ಇಂಜುರಿ ಅನ್ನುತ್ತಾರೆ, ನಾನು ಮನಸ್ಸಾಕ್ಷಿಗೆ ಬಿದ್ದ ಪೆಟ್ಟು ಅನ್ನುತ್ತೇನೆ. ಮಾಡಿದ್ದಕ್ಕೂ ಆಗುತ್ತದೆ, ಮಾಡದೆ ಬಿಟ್ಟದ್ದಕ್ಕೂ ಆಗುತ್ತದೆ, ಬರೀ ನೋಡಿದ್ದಕ್ಕೂ ಆಗುತ್ತದೆ. ಆ ಹುಡುಗ ಬದುಕಿದ್ದಾನೋ ಇಲ್ಲವೋ ನಿನಗೆ ಗೊತ್ತಿಲ್ಲ. ಅವನ ಕೈಯಲ್ಲಿ ಬಂದೂಕಿತ್ತೋ ಚೆಂಡಿತ್ತೋ ಗೊತ್ತಿಲ್ಲ. ಅರ್ಧ ವಾಕ್ಯದ ಮೇಲೆ ನೀನು ಮನಸ್ಸಿನಲ್ಲಿ ಪೂರ್ತಿ ಕೇಸು ನಡೆಸಬೇಡ. ಕುಡಿದಾಗ ಕೇಳಬೇಡ. ಅವರೇ ಆ ವಾಕ್ಯ ಮುಗಿಸುವ ದಿನ ಬಂದರೆ, ಕೈಯಲ್ಲಿರುವ ಕೆಲಸ ಬಿಟ್ಟು ಕೂತ್ಕೋ. ಅದಕ್ಕಿಂತ ಮುಂಚೆ ಡಾಕ್ಟರ ಹತ್ತಿರ ಮುಗಿಸಿದರೂ ಬೇಜಾರಾಗಬೇಡ, ಹೆಂಡತಿಗೆ ಹೇಳುವುದಕ್ಕಿಂತ ಗೊತ್ತಿಲ್ಲದವರಿಗೆ ಹೇಳುವುದು ಸುಲಭ.

ಪ್ರಶ್ನೆ: ನಾನು ಏಳನೇ ಕ್ಲಾಸು. ಬೇಲೂರು. ನೀವು ಎಲ್ಲರಿಗೂ ಕೇಳಬೇಡಿ ಅಂತ ಬರೆದಿದ್ದೀರಿ. ಆದರೂ ಕೇಳ್ತೀನಿ. ನೀವು ಎಷ್ಟು ಜನರನ್ನ ಹೊಡೆದಿದ್ದೀರಿ?

ಉತ್ತರ: ಸೊನ್ನೆ ಕಣಪ್ಪ. ನಾನು ಬ್ಯಾಂಡೇಜ್ ಕಟ್ಟುವವನು ಅಂತ ಮೇಲೆ ಹೇಳಿದ್ದೇನಲ್ಲ.

ಆದರೆ ನೀನು ಧೈರ್ಯ ಮಾಡಿ ಕೇಳಿದ್ದಕ್ಕೆ, ಸೊನ್ನೆಯೊಳಗೆ ಏನಿದೆ ಅಂತ ಹೇಳುತ್ತೇನೆ. 1988ರಲ್ಲಿ ಪಲಾಲಿ ವಿಮಾನ ನಿಲ್ದಾಣದ ಹತ್ತಿರ ನಮ್ಮ ಡೇರೆ. ಒಂದು ಮಧ್ಯಾಹ್ನ ಇಬ್ಬರನ್ನ ಒಟ್ಟಿಗೆ ತಂದರು. ಒಬ್ಬ ನಮ್ಮ ಜವಾನ. ಇನ್ನೊಬ್ಬ ಅವರ ಕಡೆಯ ಹುಡುಗ, ನಿನಗಿಂತ ನಾಲ್ಕೈದು ವರ್ಷ ದೊಡ್ಡವನಿರಬೇಕು, ಮೀಸೆ ಸರಿಯಾಗಿ ಬಂದಿರಲಿಲ್ಲ. ಇಬ್ಬರಿಗೂ ಹೊಟ್ಟೆಗೆ ಗುಂಡು. ಡಾಕ್ಟರ್ ಸಾಹೇಬರು ಇಬ್ಬರನ್ನೂ ನೋಡಿದರು, ಸರಿಯಾಗೇ ನೋಡಿದರು. ಹೆಲಿಕಾಪ್ಟರ್ ಬರುವವರೆಗೆ ಕಾಯಬೇಕಿತ್ತು. ಹುಡುಗ ನನ್ನನ್ನ ನೋಡಿ ‘ತಣ್ಣಿ, ತಣ್ಣಿ’ ಅಂದ. ತಮಿಳು ಬರದಿದ್ದರೂ ಹಾಸನದವನಿಗೆ ಆ ಮಾತು ಅರ್ಥ ಆಗುತ್ತದೆ, ನಾವೂ ತಣ್ಣೀರು ಅನ್ನುತ್ತೇವಲ್ಲ. ಹೊಟ್ಟೆಗೆ ಗುಂಡು ಬಿದ್ದವರಿಗೆ ನೀರು ಕುಡಿಸಬಾರದು, ಅದು ನಿಯಮ. ನಾನು ಕುಡಿಸಲಿಲ್ಲ. ನಿಯಮ ಪಾಲಿಸಿದೆ ಅಂತ ಎಷ್ಟೋ ವರ್ಷ ಹೇಳಿಕೊಂಡೆ.

ಆದರೆ ಹತ್ತಿ ಒದ್ದೆ ಮಾಡಿ ತುಟಿಗೆ ಹಚ್ಚಬಹುದು. ಅದಕ್ಕೆ ಯಾವ ನಿಯಮವೂ ಅಡ್ಡ ಬರುವುದಿಲ್ಲ. ಅವತ್ತು ನಮ್ಮ ಜವಾನನಿಗೆ ಮೂರು ಸಲ ಹಚ್ಚಿದ್ದೆ.